ಮನೆಯಲ್ಲಿ ಕನ್ನಡ ಮಾತನಾಡುತ್ತೀರಾ?

ಕಳೆದ ಯುಗಾದಿಯ ಕಾರ್ಯಕ್ರಮ ಮುಗಿದು, ಸಭಾಂಗಣದ ಕುರ್ಚಿಗಳನ್ನು ಮಡಚಿಟ್ಟು, ಉಳಿದ ಹೋಳಿಗೆಗಳನ್ನು ಹಂಚಿಕೊಂಡ ಮೇಲೆ ಕಾರ್ಯಕಾರಿ ಸಮಿತಿಯ ಸಭೆ ಸೇರಿತು. ಚರ್ಚೆಗಿದ್ದ ವಿಷಯ ಒಂದೇ: ಭಾನುವಾರದ ಕನ್ನಡ ತರಗತಿಯನ್ನು ಮುಂದುವರಿಸುವುದೇ, ನಿಲ್ಲಿಸುವುದೇ? ಮಕ್ಕಳ ಸಂಖ್ಯೆ ಕುಗ್ಗುತ್ತಿತ್ತು. ಸಭಾಂಗಣದ ಬಾಡಿಗೆ ಮಾತ್ರ ಕುಗ್ಗಿರಲಿಲ್ಲ. ಡಬ್ಲಿನ್ನಿನ ಚಳಿಯಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕರೆತರುವ ಕಷ್ಟವನ್ನು ಕೆಲವರು ಹೇಳಿಕೊಂಡರು. ಮಕ್ಕಳಿಗೆ ಆಸಕ್ತಿಯಿಲ್ಲ ಎಂದರು ಒಬ್ಬರು. ತಂದೆತಾಯಿಗಳಿಗೇ ಆಸಕ್ತಿಯಿಲ್ಲ ಎಂದರು ಇನ್ನೊಬ್ಬರು. ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, "ನಮ್ಮ ಮಕ್ಕಳು ಕನ್ನಡ ಮರೆಯುತ್ತಿದ್ದಾರೆ, ಅಷ್ಟೇ" ಎಂದಾಗ ಯಾರೂ ಎದುರಾಡಲಿಲ್ಲ. ಕೊನೆಗೆ ಯಾರೋ, "ಊಹೆಯ ಮಾತು ಬೇಡ, ಒಂದು ಸಮೀಕ್ಷೆ ಮಾಡೋಣ, ಅಂಕಿಅಂಶ ಇಟ್ಟುಕೊಂಡು ತೀರ್ಮಾನಿಸೋಣ" ಎಂದರು. ಎಲ್ಲರ ಕಣ್ಣೂ ನಮ್ಮ ಮೇಲೆ ಬಿತ್ತು. ಗಂಡಹೆಂಡಿರಿಬ್ಬರೂ ಕಂಪ್ಯೂಟರ್ ಕೆಲಸದವರು. ಲೆಕ್ಕದ ಕೆಲಸ ಇವರಿಗೇ ಸಲ್ಲಬೇಕು ಎಂಬುದು ಸಭೆಯ ತರ್ಕವಾಗಿತ್ತು.

ಒಂದು ಸಂಜೆಯ ಕೆಲಸವೆಂದು ನಾವೂ ಭಾವಿಸಿದೆವು. ಊಟದ ನಂತರ ಕುಳಿತು ಹತ್ತು ಪ್ರಶ್ನೆಗಳನ್ನು ಬರೆದು, ವಾಟ್ಸಾಪ್ ಗುಂಪಿಗೆ ಕಳುಹಿಸಿಯೇ ಮಲಗಿದೆವು. ಮೊದಲ ಪ್ರಶ್ನೆ: "ನೀವು ಮನೆಯಲ್ಲಿ ಕನ್ನಡ ಮಾತನಾಡುತ್ತೀರಾ?" ಎರಡನೆಯದು: "ನಿಮ್ಮ ಮಕ್ಕಳು ಕನ್ನಡ ಕಲಿಯಬೇಕೆಂಬ ಹಂಬಲ ನಿಮಗಿದೆಯೇ?" ಮೂರನೆಯದು ಇನ್ನೂ ಚೆಂದ: "ನಮ್ಮ ಕನ್ನಡ ತರಗತಿ ಉಪಯುಕ್ತವೂ ಆಸಕ್ತಿದಾಯಕವೂ ಆಗಿದೆ ಎಂದು ನಿಮಗೆ ಅನ್ನಿಸುತ್ತದೆಯೇ?" ಮಿಕ್ಕವು ಇದೇ ಜಾತಿಯವು.

ಎರಡು ದಿನಗಳಲ್ಲಿ ಉತ್ತರಗಳು ಬಂದವು. ಮನೆಯಲ್ಲಿ ಕನ್ನಡ ಮಾತನಾಡುತ್ತೇವೆ: ಎಲ್ಲರೂ ಹೌದು. ಹಂಬಲವಿದೆ: ಎಲ್ಲರೂ ಹೌದು. ತರಗತಿ ಉಪಯುಕ್ತ, ಆಸಕ್ತಿದಾಯಕ: ಎಲ್ಲರೂ ಹೌದು. ಆರು ತಿಂಗಳಿಂದ ಮಕ್ಕಳನ್ನು ಕಳುಹಿಸದ ಮನೆಯವರೂ ಹೌದು ಎಂದಿದ್ದರು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಎಲ್ಲವೂ ಸರಿಯಿದ್ದರೆ ತರಗತಿ ಖಾಲಿಯೇಕೆ? ಯಾರೂ ಸುಳ್ಳು ಹೇಳಿರಲಿಲ್ಲ. ತಪ್ಪೇನಿದ್ದರೂ ಕೇಳಿದ ನಮ್ಮದು.

ನಮ್ಮ ಸಂಘದಲ್ಲಿ ಮಂಗಳೂರಿನ ಕಡೆಯ ತಂಗಿಯೊಬ್ಬಳಿದ್ದಾಳೆ. ಇಲ್ಲಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದುಕೊಂಡು ಸ್ನಾತಕೋತ್ತರ ಪ್ರಬಂಧ ಬರೆಯುತ್ತಿದ್ದಳು. ರಾತ್ರಿ ಪಾಳಿ ಮುಗಿಸಿ ಬಂದ ಒಂದು ಶನಿವಾರ ಅವಳನ್ನು ಊಟಕ್ಕೆ ಕರೆದು, ಹಾಳೆಯನ್ನು ತೋರಿಸಿದೆವು. ಮೊದಲ ಪ್ರಶ್ನೆಯನ್ನು ಓದಿ ಆಕೆ ನಕ್ಕುಬಿಟ್ಟಳು. "ಅಲ್ಲ ಅಕ್ಕಾ, ಇದಕ್ಕೆ 'ಇಲ್ಲ' ಅಂತ ಬರೆಯುವವರು ಯಾರಾದರೂ ಇದ್ದಾರಾ ಮಾರಾಯ್ರೇ? ಕನ್ನಡ ಸಂಘದವರು ಕೇಳುವುದು, ಕನ್ನಡ ಸಂಘದ ಸದಸ್ಯರನ್ನು!" ಮೂರನೆಯ ಪ್ರಶ್ನೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆದಳು. ತರಗತಿ ಉಪಯುಕ್ತ, ಆದರೆ ಆಸಕ್ತಿದಾಯಕವಲ್ಲ ಎನ್ನುವವರು ಏನು ಬರೆಯಬೇಕು? ಎರಡು ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಕಟ್ಟಿ ಒಂದೇ ಉತ್ತರ ಕೇಳಿದ್ದೆವು.

ಆಮೇಲೆ ಅವಳು ತನ್ನ ಪ್ರಬಂಧದ ಕತೆ ಹೇಳಿದಳು. ಮೊದಲ ಬಾರಿ ಮಾರ್ಗದರ್ಶಕರ ಬಳಿ ಹೋದಾಗ ಅವಳ ಕೈಯಲ್ಲಿದ್ದುದು ಒಂದು ಕಳವಳ ಮಾತ್ರ: ಮಲಗಿದಲ್ಲೇ ಇರುವ ವೃದ್ಧರಿಗೆ ಹಾಸಿಗೆ ಹುಣ್ಣುಗಳಾಗುತ್ತವೆ, ನೋಡಲಾಗುವುದಿಲ್ಲ, ಏನಾದರೂ ಮಾಡಬೇಕು. ಅದು ಸತ್ಯವಾದ ಸಂಕಟ. ಆದರೆ ಅದನ್ನು ಅಳೆಯಲಾಗದು. ಮೂರು ತಿಂಗಳು ತಿದ್ದಿ ತಿದ್ದಿ ಬರೆದ ಮೇಲೆ ಅದು ಹೀಗಾಯಿತಂತೆ: ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ ರೋಗಿಗಳಿಗೂ ನಾಲ್ಕು ಗಂಟೆಗೊಮ್ಮೆ ಬದಲಿಸಿದ ರೋಗಿಗಳಿಗೂ ನಡುವೆ, ನಿಗದಿತ ಅವಧಿಯಲ್ಲಿ ಹೊಸದಾಗಿ ಆಗುವ ಹುಣ್ಣುಗಳ ಸಂಖ್ಯೆಯಲ್ಲಿ ವ್ಯತ್ಯಾಸವಿದೆಯೇ? ಈಗ ಎಲ್ಲವೂ ಕಾಣುತ್ತದೆ. ಯಾರನ್ನು ನೋಡಬೇಕು, ಯಾವುದನ್ನು ಬದಲಿಸುತ್ತೇವೆ, ಅದರಿಂದ ಯಾವುದು ಬದಲಾಗಬಹುದೆಂದು ಎಣಿಸುತ್ತೇವೆ, ಎಷ್ಟು ದಿನ. ಪುಸ್ತಕದ ಭಾಷೆಯಲ್ಲಿ ಮೊದಲನೆಯದು ಸಮಷ್ಟಿ, ಎರಡನೆಯದು ಸ್ವತಂತ್ರ ಚಲಕ, ಮೂರನೆಯದು ಅವಲಂಬಿತ ಚಲಕ. "ಮತ್ತೆ ಮುಖ್ಯ ಏನು ಗೊತ್ತುಂಟಾ? ವ್ಯತ್ಯಾಸ ಇಲ್ಲ ಅಂತಲೂ ಉತ್ತರ ಬರಬಹುದು. ಬರಲಿಕ್ಕೆ ಜಾಗ ಇರಬೇಕು." ನಮ್ಮ ಹತ್ತು ಪ್ರಶ್ನೆಗಳಲ್ಲಿ ಒಂದರಲ್ಲೂ ಅಂಥ ಜಾಗ ಇರಲಿಲ್ಲ.

ಪರಿಮಾಣಾತ್ಮಕ ಅಧ್ಯಯನದ ಪ್ರಶ್ನೆಗಳು ಹೆಚ್ಚುಕಡಿಮೆ ಮೂರು ಬಗೆಯವು ಎಂದಳು. ಒಂದು, ಎಷ್ಟು ಎಂದು ಕೇಳುವುದು. ಇನ್ನೊಂದು, ಈ ಗುಂಪಿನಲ್ಲಿ ಹೆಚ್ಚೋ ಆ ಗುಂಪಿನಲ್ಲಿ ಹೆಚ್ಚೋ ಎಂದು ಹೋಲಿಸುವುದು. ಮತ್ತೊಂದು, ಇದು ಏರಿದಾಗ ಅದೂ ಏರುತ್ತದೆಯೇ ಎಂದು ಸಂಬಂಧವನ್ನು ಹುಡುಕುವುದು. ಕೊನೆಯದರಲ್ಲಿ ಎಡವುವವರೇ ಬಹಳ. ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಿಬಿಡುವುದಿಲ್ಲ. ನಮ್ಮ ಸಮಿತಿಯ ಮನಸ್ಸಿನಲ್ಲಿದ್ದುದು "ತರಗತಿಗೆ ಬರುವ ಮಕ್ಕಳು ಚೆನ್ನಾಗಿ ಕನ್ನಡ ಮಾತನಾಡುತ್ತಾರೆ, ಆದ್ದರಿಂದ ತರಗತಿ ಬೇಕು" ಎಂಬ ವಾದ. ಆದರೆ ಮನೆಯಲ್ಲಿ ಮೊದಲೇ ಕನ್ನಡವಿರುವವರು ತಾನೇ ತರಗತಿಗೂ ಕಳುಹಿಸುತ್ತಾರೆ? ಹಾಗಿದ್ದರೆ ಮಕ್ಕಳ ಕನ್ನಡದ ಹೆಗ್ಗಳಿಕೆ ಮನೆಗೆ ಸಲ್ಲಬೇಕೋ ತರಗತಿಗೋ?

ಅದೇ ವಾರ ಇನ್ನೊಂದು ಪ್ರಸಂಗ ನಡೆಯಿತು. ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಐರಿಷ್ ದಂಪತಿಗಳಿದ್ದಾರೆ. ಬೇಲಿಯಾಚೆಯಿಂದ ಮಾತಾಡುತ್ತಾ ನಮ್ಮ ಸಮೀಕ್ಷೆಯ ಪಾಡನ್ನು ಹೇಳಿದಾಗ ಆ ಹಿರಿಯರು ಹೊಟ್ಟೆ ಹಿಡಿದು ನಕ್ಕರು. ಜನಗಣತಿಯಲ್ಲಿ "ನಿಮಗೆ ಐರಿಷ್ ಮಾತನಾಡಲು ಬರುತ್ತದೆಯೇ?" ಎಂಬ ಪ್ರಶ್ನೆಗೆ ಅವರು ಪ್ರತಿ ಸಲವೂ ಹೌದು ಎಂದೇ ಗುರುತು ಹಾಕುತ್ತಾರಂತೆ. ಅವರಿಗೆ ನೆನಪಿರುವುದು ಶಾಲೆಯಲ್ಲಿ ಕಲಿತ ಒಂದೇ ವಾಕ್ಯ. ಶೌಚಾಲಯಕ್ಕೆ ಹೋಗಲು ಗುರುಗಳ ಅನುಮತಿ ಬೇಡುವ ವಾಕ್ಯ. "ಆದರೂ ಇಲ್ಲವೆಂದು ಬರೆಯಲು ಕೈ ಬರುವುದಿಲ್ಲ" ಎಂದು ಅವರೆಂದಾಗ, ಎರಡು ದಿನಗಳ ಹಿಂದೆ ನಮ್ಮ ಸದಸ್ಯರು ಹಾಕಿದ ಹೌದುಗಳೆಲ್ಲ ನಮಗೆ ಅರ್ಥವಾದವು.

ಅವರೊಬ್ಬರ ಮಾತಲ್ಲ ಇದು. ಐರ್ಲೆಂಡಿನ ಕೇಂದ್ರ ಅಂಕಿಅಂಶ ಕಚೇರಿಯ 2022ರ ಗಣತಿಯಲ್ಲಿ ಐರಿಷ್ ಮಾತನಾಡಬಲ್ಲೆವೆಂದವರು 18,73,997 ಜನ. ಅಂದರೆ ಮೂರು ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ ನಲವತ್ತು ಮಂದಿ. ಓದಿದರೆ ಎದೆಯುಬ್ಬುವ ಸಂಖ್ಯೆ. ಅದರ ಪಕ್ಕದಲ್ಲೇ ಇನ್ನೊಂದು ಪ್ರಶ್ನೆಯಿದೆ: ಎಷ್ಟು ಬಾರಿ ಮಾತನಾಡುತ್ತೀರಿ? ಶಾಲೆಯ ಹೊರಗೆ ಪ್ರತಿದಿನ ಮಾತನಾಡುತ್ತೇವೆ ಎಂದವರು 71,968. ಭಾಷೆ ಅದೇ, ಜನ ಅವರೇ, ಗಣತಿಯ ರಾತ್ರಿಯೂ ಒಂದೇ. ಕ್ರಿಯಾಪದವೊಂದು ಬದಲಾದಾಗ ಹದಿನೆಂಟು ಲಕ್ಷ ಎಪ್ಪತ್ತೆರಡು ಸಾವಿರಕ್ಕಿಳಿಯಿತು. ಆ ವರ್ಷವೇ ಮೊದಲ ಬಾರಿಗೆ "ಎಷ್ಟು ಚೆನ್ನಾಗಿ ಮಾತನಾಡುತ್ತೀರಿ?" ಎಂಬ ಪ್ರಶ್ನೆಯನ್ನೂ ಸೇರಿಸಿದರು. ಬರುತ್ತದೆ ಎಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಚೆನ್ನಾಗಿ ಬರುವುದಿಲ್ಲವೆಂದು ಒಪ್ಪಿಕೊಂಡರು. ಬಹಳ ಚೆನ್ನಾಗಿ ಎಂದವರು ಹತ್ತರಲ್ಲಿ ಒಬ್ಬರು.

ಇದಕ್ಕಿಂತ ಹಳೆಯ ಉದಾಹರಣೆಯೊಂದು ನಮ್ಮನ್ನು ಇನ್ನಷ್ಟು ಬೆರಗುಗೊಳಿಸಿತು. ಈ ನಾಡಿನ ಗಣತಿಯಲ್ಲಿ ಐರಿಷ್ ಭಾಷೆಯ ಪ್ರಶ್ನೆ ಮೊದಲು ಬಂದದ್ದು 1851ರಲ್ಲಿ, ಮಹಾ ಕ್ಷಾಮದ ಬೆನ್ನಿಗೆ. ಆಗಲೂ ಮುಂದಿನ ಎರಡು ಗಣತಿಗಳಲ್ಲೂ ಆ ಪ್ರಶ್ನೆ ಪತ್ರದ ಅಡಿಟಿಪ್ಪಣಿಯಲ್ಲಿ ಅಡಗಿ ಕುಳಿತಿತ್ತು. 1871ರಲ್ಲಿ ಐರಿಷ್ ಬಲ್ಲವರು ಸುಮಾರು 8 ಲಕ್ಷ 18 ಸಾವಿರ. 1881ರಲ್ಲಿ ಪ್ರಶ್ನೆಯನ್ನು ಅಡಿಟಿಪ್ಪಣಿಯಿಂದ ಪತ್ರದ ಮುಖ್ಯ ಭಾಗಕ್ಕೆ ತಂದರು. ಸಂಖ್ಯೆ ಸುಮಾರು 9 ಲಕ್ಷ 50 ಸಾವಿರಕ್ಕೆ ಏರಿತು. ಜನ ಹಡಗು ಹತ್ತಿ ಹೋಗುತ್ತಿದ್ದ, ಉಳಿದವರು ಮಕ್ಕಳಿಗೆ ಇಂಗ್ಲಿಷನ್ನೇ ಕಲಿಸುತ್ತಿದ್ದ ಕಾಲದಲ್ಲಿ ಭಾಷೆ ಹೀಗೆ ಚಿಗುರಿತೆಂದು ನಂಬುವುದು ಕಷ್ಟ. ಹತ್ತು ವರ್ಷಗಳ ಬಳಿಕ, 1891ರಲ್ಲಿ, ಅದು 6 ಲಕ್ಷ 80 ಸಾವಿರಕ್ಕೆ ಇಳಿದಿತ್ತು. ಹತ್ತೊಂಬತ್ತನೆಯ ಶತಮಾನದ ಒಂದು ಭಾಷೆಯ ಏರಿಳಿತದಲ್ಲಿ ಕಾಗದದ ಮೇಲೆ ಪ್ರಶ್ನೆ ಎಲ್ಲಿ ಕುಳಿತಿತ್ತು ಎಂಬುದರ ಪಾಲೂ ಇದೆಯೆಂದರೆ, ನಮ್ಮ ವಾಟ್ಸಾಪ್ ಹಾಳೆಯ ಗತಿಯೇನು!

ಇಲ್ಲಿಯ ಗಣತಿ ನಮ್ಮಂಥವರನ್ನು ಕೇಳುವ ಪ್ರಶ್ನೆಯನ್ನೂ ಆಗಲೇ ಹುಡುಕಿ ಓದಿದೆವು. "ಮನೆಯಲ್ಲಿ ಇಂಗ್ಲಿಷ್ ಅಥವಾ ಐರಿಷ್ ಅಲ್ಲದ ಭಾಷೆಯನ್ನು ಮಾತನಾಡುತ್ತೀರಾ?" ಎಂಬುದು 2011ರಿಂದ ಇದೆ. 2022ರಲ್ಲಿ ಹೌದೆಂದವರು 7,51,507. ಆ ಭಾಷೆ ಯಾವುದೆಂದು ಬರೆಯಲು ಒಂದು ಸಾಲು. ಅದರ ಕೆಳಗಿನ ಪ್ರಶ್ನೆ, "ನೀವು ಇಂಗ್ಲಿಷನ್ನು ಎಷ್ಟು ಚೆನ್ನಾಗಿ ಮಾತನಾಡುತ್ತೀರಿ?" ಕನ್ನಡವನ್ನು ಎಷ್ಟು ಚೆನ್ನಾಗಿ ಎಂದು ಅದು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಯಾರಿಗೆ ಭಾಷೆಯ ನೆರವು ಬೇಕು ಎಂಬುದು ಸರ್ಕಾರದ ಸಮಸ್ಯೆ, ಅದಕ್ಕೆ ತಕ್ಕ ಪ್ರಶ್ನೆಯನ್ನು ಅದು ಹಾಕಿಕೊಂಡಿದೆ. ನಮ್ಮ ಸಮಸ್ಯೆಗೆ ತಕ್ಕ ಪ್ರಶ್ನೆಯನ್ನು ನಮಗಾಗಿ ಯಾರೂ ಬರೆದಿಡುವುದಿಲ್ಲ.

ಭಾರತದ ಗಣತಿ ಮತ್ತೊಂದು ದಾರಿ ಹಿಡಿಯುತ್ತದೆ. ಅಲ್ಲಿ ಮಾತೃಭಾಷೆಯೆಂದರೆ ವ್ಯಕ್ತಿಯ ಬಾಲ್ಯದಲ್ಲಿ ತಾಯಿ ಅವನೊಡನೆ ಆಡಿದ ಭಾಷೆ. ಜೊತೆಗೆ ಬಲ್ಲ ಇತರ ಭಾಷೆಗಳಲ್ಲಿ ಎರಡನ್ನು ಹೇಳಬಹುದು. ಇದನ್ನು ಓದಿ ಹೇಳಿದಾಗ ನರ್ಸ್ ತಂಗಿ ತನ್ನ ಲೆಕ್ಕ ಮುಂದಿಟ್ಟಳು. ತಾಯಿ ಆಡಿದ್ದು ಕೊಂಕಣಿ. ಅಕ್ಕಪಕ್ಕದವರೊಡನೆ ತುಳು. ಶಾಲೆಯಲ್ಲಿ ಕಲಿತದ್ದು, ಓದಿದ್ದು, ಮೊದಲ ಪ್ರೇಮಪತ್ರ ಬರೆದದ್ದು (ಯಾರಿಗೆಂದು ಹೇಳಲಿಲ್ಲ) ಕನ್ನಡದಲ್ಲಿ. ಕೆಲಸ ಇಂಗ್ಲಿಷಿನಲ್ಲಿ. ಭಾರತದ ಪತ್ರದಲ್ಲಿ ಕೊಂಕಣಿಯ ಜೊತೆ ಎರಡನ್ನು ಬರೆದರೆ ಒಂದು ಹೊರಗೆ ಉಳಿಯುತ್ತದೆ. ಐರ್ಲೆಂಡಿನ ಒಂದೇ ಸಾಲಿನಲ್ಲಿ ಎರಡು ಹೊರಗೆ. "ಈಗ ನಿಮ್ಮ ಸಮೀಕ್ಷೆಯಲ್ಲಿ ನಾನು ಕನ್ನಡದವಳಾ ಅಲ್ಲವಾ, ಮೊದಲು ಅದನ್ನು ಹೇಳಿ" ಎಂದಳು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಾತೃಭಾಷೆ ಕನ್ನಡ ಎಂಬ ಅಳತೆಗೋಲು ಹಿಡಿದರೆ, ನಮ್ಮ ಸಂಘದ ಮಕ್ಕಳಿಗೆ ಅಕ್ಷರ ತಿದ್ದಿಸುವ ಅತ್ಯುತ್ತಮ ಶಿಕ್ಷಕಿಯೇ ಸಮಷ್ಟಿಯಿಂದ ಹೊರಬೀಳುತ್ತಿದ್ದಳು. ಅವಳಂತೆಯೇ ಕೊಡವ, ಬ್ಯಾರಿ, ತೆಲುಗು, ಮರಾಠಿ, ಉರ್ದು ಮನೆಮಾತಿನ ಕುಟುಂಬಗಳು ನಮ್ಮಲ್ಲಿವೆ; ಕರ್ನಾಟಕ ಇರುವುದೇ ಹಾಗೆ. ಆ ರಾತ್ರಿ ನಮ್ಮ ಹಾಳೆಯ ಮೇಲೆ ಸ್ಥಿರವಾದ ಮೊದಲ ಸಾಲು ಇದು: ಮನೆಯ ಹಿರಿಯರಲ್ಲಿ ಒಬ್ಬರಾದರೂ ಕನ್ನಡವನ್ನು ಸರಾಗವಾಗಿ ಮಾತನಾಡಬಲ್ಲ, ಐದರಿಂದ ಹನ್ನೆರಡು ವರ್ಷದ ಮಗುವಿರುವ ಸದಸ್ಯ ಕುಟುಂಬ. ಲೆಕ್ಕದ ಘಟಕ ಕುಟುಂಬವಲ್ಲ, ಮಗು; ಒಂದೇ ಮನೆಯ ಹಿರಿಯ ಮಗನಿಗೂ ಕಿರಿಯ ಮಗಳಿಗೂ ಕನ್ನಡ ಒಂದೇ ಪ್ರಮಾಣದಲ್ಲಿ ದಕ್ಕುವುದಿಲ್ಲವೆಂದು ಎರಡು ಮಕ್ಕಳಿರುವ ಯಾರಿಗಾದರೂ ಗೊತ್ತು.

ನಮ್ಮ ಕುಟುಂಬಗಳ ಸಂಖ್ಯೆ ಚಿಕ್ಕದು. ಇಷ್ಟು ಕಡಿಮೆ ಜನರಿಂದ ಏನು ತಿಳಿದೀತು ಎಂಬ ಅಳುಕೂ ನಮಗಿತ್ತು. ಆ ಅಳುಕಿಗೆ ಉತ್ತರ ಹುಟ್ಟಿದ್ದು ಇದೇ ಡಬ್ಲಿನ್ನಿನಲ್ಲಿ ಎಂಬುದು ನಮಗೆ ತಡವಾಗಿ ತಿಳಿಯಿತು. 1899ರಲ್ಲಿ ವಿಲಿಯಂ ಸೀಲಿ ಗಾಸೆಟ್ ಎಂಬ ತರುಣ, ಆಕ್ಸ್‌ಫರ್ಡಿನಲ್ಲಿ ಗಣಿತ ಮತ್ತು ರಸಾಯನಶಾಸ್ತ್ರ ಓದಿ, ಸೇಂಟ್ ಜೇಮ್ಸ್ ಗೇಟಿನ ಗಿನ್ನೆಸ್ ಕಾರ್ಖಾನೆಗೆ ಕೆಲಸಕ್ಕೆ ಸೇರಿದ. ಬಾರ್ಲಿ, ಮಾಲ್ಟ್, ಹಾಪ್ ಇವುಗಳ ಗುಣ ಪರೀಕ್ಷೆ ಅವನ ಕೆಲಸ. ಪರೀಕ್ಷೆಗೆ ದುಡ್ಡು, ಸಮಯ ಎರಡೂ ಬೇಕು. ನೂರಾರು ಮಾದರಿಗಳನ್ನು ಪರೀಕ್ಷಿಸಲಾಗದು, ನಾಲ್ಕಾರು ಮಾತ್ರ ಸಾಧ್ಯ. ಆಗಿನ ಸಂಖ್ಯಾಶಾಸ್ತ್ರವೆಲ್ಲ ದೊಡ್ಡ ರಾಶಿಗಳಿಗೆ ಹೊಂದುವಂಥದು. ಅವನು "ಈ ಮಾಲ್ಟ್ ಒಳ್ಳೆಯದೇ?" ಎಂದು ಕೇಳಲಿಲ್ಲ. ನಿಜವಾದ ಅಳತೆಯಿಂದ ಅರ್ಧ ಡಿಗ್ರಿಯೊಳಗೆ ಇದ್ದೇವೆ ಎಂದು ಹತ್ತಕ್ಕೆ ಒಂದರ ಭರವಸೆಯಿಂದ ಹೇಳಬೇಕಾದರೆ ಕನಿಷ್ಠ ಎಷ್ಟು ಬಾರಿ ಅಳೆಯಬೇಕು ಎಂದು ಕೇಳಿದ. ನಾಲ್ಕು ಬಾರಿ ಎಂಬ ಉತ್ತರ ಕಂಡುಕೊಂಡ. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಾರ್ಲ್ ಪಿಯರ್ಸನ್ನರ ಬಳಿ ಕೆಲಕಾಲವಿದ್ದು, 1908ರಲ್ಲಿ ಬಯೋಮೆಟ್ರಿಕಾ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ. ಕಾರ್ಖಾನೆಯವರು ನೌಕರರ ಹೆಸರಿನಲ್ಲಿ ಬರೆಯಲು ಬಿಡುತ್ತಿರಲಿಲ್ಲವಾದ್ದರಿಂದ 'ಸ್ಟೂಡೆಂಟ್', ಅಂದರೆ ವಿದ್ಯಾರ್ಥಿ, ಎಂಬ ಗುಪ್ತನಾಮ. ಇಂದು ಜಗತ್ತಿನ ಯಾವ ಸಂಖ್ಯಾಶಾಸ್ತ್ರದ ಪಠ್ಯದಲ್ಲೂ ಕಾಣುವ ಟಿ-ಪರೀಕ್ಷೆಯ ಮೂಲ ಅದು. ಊರಿನಿಂದ ಬಂದ ಬಂಧುಗಳಿಗೆ ಆ ಕಾರ್ಖಾನೆಯನ್ನು ತೋರಿಸಲು ನಾವು ಎಷ್ಟು ಸಲ ಹೋಗಿಲ್ಲ! ಮಹಡಿಯ ಮೇಲಿಂದ ಊರು ನೋಡಿ ಬಂದೆವೇ ಹೊರತು ಈ ಕತೆ ಗೊತ್ತಿರಲಿಲ್ಲ. ಗಾಸೆಟ್ಟನ ಮಿತ್ರ ರೊನಾಲ್ಡ್ ಫಿಶರ್. ಫಿಶರರ ಶಿಷ್ಯರಾಗಿ 1948ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದ ಸಿ.ಆರ್. ರಾವ್ ಅವರು ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಹೀಗೆ ನೋಡಿದರೆ ಡಬ್ಲಿನ್ನಿನಿಂದ ಹಡಗಲಿ ಬಹಳ ದೂರವೇನಲ್ಲ.

ಗಾಸೆಟ್ಟನಿಂದ ನಾವು ಪಡೆದದ್ದು ಸೂತ್ರವನ್ನಲ್ಲ, ಧೈರ್ಯವನ್ನು. ಕಡಿಮೆ ಜನರಿದ್ದರೂ ಅಡ್ಡಿಯಿಲ್ಲ. ಆದರೆ ಅಳೆಯುವ ವಸ್ತು ಯಾವುದೆಂದು ಖಚಿತವಿರಬೇಕು.

ಅಲ್ಲಿಯೇ ನಾವು ಅತಿ ಹೆಚ್ಚು ಹೆಣಗಿದ್ದು. "ಕನ್ನಡ ಬರುವುದು" ಎಂದರೇನು? ಅಕ್ಷರ ಓದುವುದೇ? ರಾಜ್ಯೋತ್ಸವದ ವೇದಿಕೆಯಲ್ಲಿ ಬಾಯಿಪಾಠ ಒಪ್ಪಿಸುವುದೇ? ತೀರ್ಥಹಳ್ಳಿಯ ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡುವುದೇ? ಮೂರಕ್ಕೂ ಬೇರೆ ಬೇರೆ ಅಳತೆ ಬೇಕು. ನಮ್ಮ ಕಳವಳದ ಬೇರನ್ನು ಹುಡುಕುತ್ತ ಹೋದಾಗ ಸಿಕ್ಕಿದ್ದು ಮೂರನೆಯದು. ಭಾನುವಾರಗಳಂದು ಅಜ್ಜಿ ಕರೆ ಮಾಡಿದಾಗ ನಮ್ಮ ಮಗಳು ಮೊದಮೊದಲು ಫೋನ್ ಬಿಡುತ್ತಿರಲಿಲ್ಲ. ಈಚೆಗೆ "ಹ್ಞೂಂ ಅಜ್ಜಿ, ಊಟ ಆಯ್ತು ಅಜ್ಜಿ" ಎಂದು ಎರಡು ಮಾತಾಡಿ ಫೋನನ್ನು ನಮ್ಮ ಕೈಗಿಡುತ್ತಾಳೆ. ಅಜ್ಜಿ ಅದಕ್ಕೇನೂ ಅನ್ನುವುದಿಲ್ಲ; "ಓದಿಕೊಳ್ಳಲಿ ಬಿಡು ಪಾಪ" ಎನ್ನುತ್ತಾರೆ. ಸಮಿತಿಯ ಸಭೆಯಲ್ಲಿ ಈ ಮಾತನ್ನು ನಾವು ಹೇಳಿರಲಿಲ್ಲ.

ಆದ್ದರಿಂದ ಅಳೆಯಬೇಕಾದದ್ದು ಮಾತು ಮತ್ತು ಮರುಮಾತು ಎಂದು ತೀರ್ಮಾನಿಸಿದೆವು. ಒಂದು ವಾರದ ದಿನ, ಒಂದು ರಜಾದಿನ, ರಾತ್ರಿಯ ಊಟದ ಹೊತ್ತು. ಹಿರಿಯರು ಮಗುವಿನೊಡನೆ ಆರಂಭಿಸಿದ ಮಾತುಗಳಲ್ಲಿ ಕನ್ನಡದವೆಷ್ಟು. ಮಗುವಿನ ಮರುಮಾತುಗಳಲ್ಲಿ ಕನ್ನಡದವೆಷ್ಟು. ನೆನಪಿನಿಂದ ಬರೆಯುವಂತಿಲ್ಲ, ಆಗಾಗಲೇ ಗೆರೆ ಹಾಕಬೇಕು. ನೆನಪು ಯಾವಾಗಲೂ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಇಷ್ಟಾದ ಮೇಲೆ ಹೊಸ ತೊಡಕು. "ಬ್ಯಾಗ್ ಎಲ್ಲಿಟ್ಟೆ?" ಎಂಬುದು ಕನ್ನಡವೇ, ಇಂಗ್ಲಿಷೇ? ಕ್ರಿಯಾಪದ ಕನ್ನಡದ್ದಾದರೆ ವಾಕ್ಯ ಕನ್ನಡದ್ದು ಎಂಬ ನಿಯಮ ಮಾಡಿದೆವು. ಹಾಗಾದರೆ "ಹೋಮ್‌ವರ್ಕ್ ಫಿನಿಶ್ ಮಾಡು"? ಇದರ ಮೇಲೆ ಅರ್ಧ ಗಂಟೆ ವಾಗ್ವಾದ ನಡೆಯಿತು. ನಮ್ಮಲ್ಲೊಬ್ಬರು ಅದನ್ನು ಕನ್ನಡವೆಂದು ಒಪ್ಪಲು ಸಿದ್ಧರಿರಲಿಲ್ಲ. 'ಮಾಡು' ಇದೆಯಲ್ಲ, ಬಿಡಿ ಎಂದು ನರ್ಸ್ ತಂಗಿ ರಾಜಿ ಮಾಡಿಸಿದಳು. ನಿಯಮ ಸರಿಯೋ ತಪ್ಪೋ, ಎಲ್ಲ ಮನೆಗಳಲ್ಲೂ ಒಂದೇ ಆಗಿರಬೇಕು ಎಂಬುದು ಅವಳ ಹಟ.

ಹಾಳೆಯನ್ನು ಹಂಚುವ ಮೊದಲು ಪೂರ್ವಪರೀಕ್ಷೆ ಮಾಡಬೇಕೆಂದಳು. ಯಾರ ಮನೆಯಲ್ಲಿ? ನಮ್ಮ ಮನೆಯಲ್ಲೇ.

ಒಂದು ಮಂಗಳವಾರ ಹಳೆಯ ಲಕೋಟೆಯ ಹಿಂಬದಿಯಲ್ಲಿ ಗೆರೆ ಹಾಕುತ್ತ ಊಟಕ್ಕೆ ಕುಳಿತೆವು. ಮನಸ್ಸಿನಲ್ಲಿದ್ದ ಪ್ರಾಕ್ಕಲ್ಪನೆ ಸ್ಪಷ್ಟವಿತ್ತು: ನಾವು ಕನ್ನಡದಲ್ಲಿ ಮಾತನಾಡಿಸುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಊಟ ಮುಗಿದು ಎಣಿಸಿದಾಗ ನಾವಿಬ್ಬರೂ ಸೇರಿ ಅವಳೊಡನೆ ಆರಂಭಿಸಿದ ಮಾತುಗಳು 31. ಅವುಗಳಲ್ಲಿ ಕನ್ನಡದವು 9. ಆ ಒಂಬತ್ತರಲ್ಲಿ ಏಳಕ್ಕೆ ಅವಳು ಕನ್ನಡದಲ್ಲೇ ಉತ್ತರಿಸಿದ್ದಳು.

ತಟ್ಟೆ ತೊಳೆಯುತ್ತ ಆ ಒಂಬತ್ತು ಯಾವುವೆಂದು ನೆನಪಿಸಿಕೊಂಡೆವು. ಕೈ ತೊಳೆದೆಯಾ. ಬೇಗ ತಿನ್ನು. ಚೆಲ್ಲಬೇಡ. ಸಾಕು ಗಲಾಟೆ. ಶಾಲೆಯಲ್ಲಿ ಏನಾಯಿತು, ಗೆಳತಿಯ ಜೊತೆ ಜಗಳ ಸರಿಹೋಯಿತೇ, ನಾಳೆಯ ಈಜಿಗೆ ಭಯವೇ, ಇವೆಲ್ಲವನ್ನೂ ನಾವು ಇಂಗ್ಲಿಷಿನಲ್ಲಿ ಕೇಳಿದ್ದೆವು. ಲಕೋಟೆಯನ್ನು ಅಷ್ಟರಲ್ಲಿ ಮಗಳು ಕಂಡುಹಿಡಿದಿದ್ದಳು. ಏನಿದೆಂದು ಕೇಳಿದಳು, ಮುಚ್ಚುಮರೆ ಮಾಡದೆ ಹೇಳಿದೆವು. ಅವಳಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ನೀವು ಬೈಯೋವಾಗ ಮಾತ್ರ ಕನ್ನಡ ಅಲ್ವಾ" ಎಂದು, ಕನ್ನಡದಲ್ಲೇ ಹೇಳಿ, ಮಹಡಿ ಹತ್ತಿ ಹೋದಳು.

ನರ್ಸ್ ತಂಗಿಗೆ ಫೋನ್ ಮಾಡಿದೆವು. ಒಂದು ಮನೆ, ಒಂದು ರಾತ್ರಿ. ಇದರಿಂದ ಯಾವ ತೀರ್ಮಾನಕ್ಕೂ ಬರಬೇಡಿ ಎಂದು ಅವಳು ಮೊದಲು ಗದರಿದಳು. ಪೂರ್ವಪರೀಕ್ಷೆ ಇರುವುದು ಪ್ರಶ್ನೆಯನ್ನು ಪರೀಕ್ಷಿಸಲಿಕ್ಕೆ, ಉತ್ತರ ಹುಡುಕಲಿಕ್ಕಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದರೆ ಪ್ರಶ್ನೆ ಬದಲಾಗಬೇಕಲ್ವಾ ಅಕ್ಕಾ" ಎಂದಳು. ಹೌದು, ಬದಲಾಗಬೇಕಿತ್ತು. ಮಕ್ಕಳು ಕನ್ನಡ ಮರೆಯುತ್ತಿದ್ದಾರೆಯೇ ಎಂದು ಹೊರಟವರು ನಾವು. ಆ ಮಾತಿನಲ್ಲಿ ಮಕ್ಕಳು ಮಾತ್ರ ಇದ್ದರು, ಹಿರಿಯರು ಎಲ್ಲಿಯೂ ಇರಲಿಲ್ಲ.

ಈಗ ಹಾಳೆಯ ತಲೆಯ ಮೇಲೆ ಇರುವ ಪ್ರಶ್ನೆ ಇದು: ಹಿರಿಯರು ಮಗುವಿನೊಡನೆ ಆರಂಭಿಸುವ ಮಾತುಗಳಲ್ಲಿ ಕನ್ನಡದ ಪಾಲು ಹೆಚ್ಚಿರುವಲ್ಲಿ, ಮಗುವಿನ ಮರುಮಾತಿನಲ್ಲೂ ಕನ್ನಡದ ಪಾಲು ಹೆಚ್ಚಿದೆಯೇ? ಎರಡನೆಯದು: ಒಂದೇ ಪ್ರಮಾಣದ ಕನ್ನಡವಿರುವ ಮನೆಗಳ ಮಕ್ಕಳಲ್ಲಿ, ತರಗತಿಗೆ ಬರುವವರಿಗೂ ಬಾರದವರಿಗೂ ವ್ಯತ್ಯಾಸವಿದೆಯೇ? ಇದಕ್ಕೆ ಇಲ್ಲ ಎಂಬ ಉತ್ತರ ಬರಬಹುದು. ಬಂದರೆ ಸಭಾಂಗಣದ ಬಾಡಿಗೆಯ ದುಡ್ಡನ್ನು ಬೇರೆಡೆಗೆ ತಿರುಗಿಸಬೇಕಾದೀತು ಎಂದು ಸಮಿತಿಗೆ ಮೊದಲೇ ಬರೆದು ಕೊಟ್ಟಿದ್ದೇವೆ. ಮೂರು ವರ್ಷ ಆ ತರಗತಿಗೆ ದುಡಿದವರು ನಾವೂ ಹೌದು. ಆ ಸಾಲನ್ನು ಬರೆಯುವಾಗ ಕೈ ಸರಾಗವಾಗಿ ಓಡಲಿಲ್ಲ.

ಹಾಳೆಯಲ್ಲಿ ಹೆಸರು, ಊರು, ಶಾಲೆ ಯಾವುದನ್ನೂ ಕೇಳಿಲ್ಲ. ನಮ್ಮಂಥ ಚಿಕ್ಕ ಬಳಗದಲ್ಲಿ ವಯಸ್ಸು ಮತ್ತು ಊರು ಎರಡೇ ಸಾಕು, ಯಾರ ಮಗುವೆಂದು ಗೊತ್ತಾಗಿಬಿಡುತ್ತದೆ. ಮಗು ಒಪ್ಪದಿದ್ದರೆ ಆ ಮನೆಯಲ್ಲಿ ಗೆರೆ ಹಾಕಬೇಡಿ. ಗೆರೆ ಹಾಕುವ ದಿನ ತಾನಾಗಿ ಕನ್ನಡ ಹೆಚ್ಚಾಗುವುದು ಸಹಜ, ನಮ್ಮಲ್ಲೂ ಆಯಿತು; ಆದ್ದರಿಂದ ಮೊದಲ ದಿನದ ಲೆಕ್ಕವನ್ನು ಬಿಟ್ಟು ಮೂರನೆಯ ದಿನದ್ದನ್ನು ಬರೆಯಿರಿ. ಸೊನ್ನೆ ಬಂದರೆ ಸೊನ್ನೆಯೆಂದೇ ಬರೆಯಿರಿ. ಮುಂದಿನ ಭಾನುವಾರದಿಂದ ಹಾಳೆಗಳು ಸಭಾಂಗಣದ ಬಾಗಿಲ ಬಳಿಯ ಮೇಜಿನ ಮೇಲಿರುತ್ತವೆ, ಪಕ್ಕದಲ್ಲಿ ಬೀಗ ಹಾಕಿದ ಬಿಸ್ಕತ್ತಿನ ಡಬ್ಬಿ ಇದೆ. ನಮ್ಮ ಮನೆಯ ಹಾಳೆಯನ್ನು ಆಗಲೇ ಅದರೊಳಗೆ ಹಾಕಿದ್ದೇವೆ.